ಕಾಲುವೆಯ ಒಳಗಿನವರು, ಹೊರಗಿನವರು: ಆಮ್‌ಸ್ಟರ್‌ಡ್ಯಾಮಿನ ಹಳೆಯ ಕೇರಿಗಳು

ಆಮ್‌ಸ್ಟರ್‌ಡ್ಯಾಮ್ ನಗರದ ನಡುಭಾಗವನ್ನು ನಕ್ಷೆಯಲ್ಲಿ ನೋಡಿದವರ ಕಣ್ಣಿಗೆ ಮೊದಲು ಬೀಳುವುದು ಒಂದರ ಹೊರಗೊಂದರಂತೆ ಅರ್ಧವೃತ್ತವಾಗಿ ಸುತ್ತುವರಿದಿರುವ ಕಾಲುವೆಗಳು. ಆ ಆಕಾರದ ಕ್ರಮಬದ್ಧತೆಯನ್ನು ಕಂಡಾಗ ಇಡೀ ಊರು ಒಂದೇ ಕಾಲದಲ್ಲಿ, ಒಬ್ಬನೇ ಶಿಲ್ಪಿಯ ಕೈಯಲ್ಲಿ ರೂಪುಗೊಂಡಿತೆಂದು ಭಾವಿಸುವುದು ಸಹಜ. ಆದರೆ ಈ ಅರ್ಧವೃತ್ತದೊಳಗೆ ಹಲವು ಶತಮಾನಗಳ ಅಂತರದಲ್ಲಿ ಹುಟ್ಟಿದ, ಒಂದನ್ನೊಂದು ಅಷ್ಟಾಗಿ ಹೋಲದ ಕೇರಿಗಳಿದ್ದು, ಅವುಗಳ ನಡುವಿನ ಗಡಿಗಳಲ್ಲಿ ಹೆಚ್ಚಿನವು ಮನುಷ್ಯರ ನಿರ್ಧಾರಗಳಿಂದ ಬಂದವು. ಯಾವ ಕಸುಬು ಯಾವ ಬೀದಿಯಲ್ಲಿ ನಡೆಯಬಹುದು, ಯಾರ ಪೂಜಾಸ್ಥಳ ಬೀದಿಗೆ ಮುಖ ಮಾಡಬಹುದು, ಯಾವ ನೆಲವನ್ನು ಹಣ ಕೊಟ್ಟು ಕೊಂಡು ಸಮತಟ್ಟು ಮಾಡಬೇಕು, ಯಾವುದನ್ನು ಇದ್ದಂತೆಯೇ ಬಿಡಬೇಕು ಎಂಬುದನ್ನು ನಗರಸಭೆಯನ್ನು ಆಳುತ್ತಿದ್ದ ವರ್ತಕ ಮನೆತನಗಳು ತೀರ್ಮಾನಿಸಿದವು. ಆ ತೀರ್ಮಾನಗಳನ್ನು ಬದುಕಿನಲ್ಲಿ ಹೊತ್ತವರು ಮತ್ತು ಮುಂದೊಂದು ದಿನ ಆ ಕೇರಿಗಳನ್ನು ನೆಲಸಮವಾಗದಂತೆ ಕಾಪಾಡಿದವರು ಬೇರೆಯೇ ಜನ.

ಊರಿನ ಆರಂಭ ತೀರ ಸಾಧಾರಣವಾದುದು. ಆಮ್‌ಸ್ಟೆಲ್ ಎಂಬ ಚಿಕ್ಕ ನದಿಯು ಐ ಎಂಬ ಕೊಲ್ಲಿಯನ್ನು ಸೇರುವ ಜಾಗದಲ್ಲಿ, ಕೊಳೆತ ಸಸ್ಯಗಳ ಪದರಗಳಿಂದಾದ ಮೆತ್ತನೆಯ ಜೌಗು ನೆಲದ ಮೇಲೆ, 13ನೇ ಶತಮಾನದಲ್ಲಿ ಕಟ್ಟಿದ ಒಂದು ಅಣೆಕಟ್ಟಿನ ಸುತ್ತ ಮೀನುಗಾರರೂ ಕುಶಲಕರ್ಮಿಗಳೂ ನೆಲೆನಿಂತರು. 1275ರ ಅಕ್ಟೋಬರ್ 27ರಂದು ಹಾಲೆಂಡಿನ ದೊರೆ ಐದನೆಯ ಫ್ಲೋರಿಸ್ ಈ ಅಣೆಕಟ್ಟಿನ ಬಳಿಯ ನಿವಾಸಿಗಳಿಗೆ ಸುಂಕದಿಂದ ವಿನಾಯಿತಿ ನೀಡಿದ ಪತ್ರವೇ ಊರಿನ ಹೆಸರು ಕಾಣಿಸಿಕೊಳ್ಳುವ ಮೊದಲ ದಾಖಲೆಯಾಗಿದೆ. ನೀರನ್ನು ತಡೆಯಲು ಹಾಕಿದ ಏರಿಗಳೇ ಊರಿನ ಮೊದಲ ಬೀದಿಗಳಾದವು. ಇಂದಿನ ವಾರ್ಮುಸ್‌ಸ್ಟ್ರಾಟ್, ನ್ಯೂವೆನ್‌ಡೈಕ್, ಜೇಡೈಕ್ ಬೀದಿಗಳು ಅಂತಹ ಏರಿಗಳ ಮೇಲೆಯೇ ಸಾಗುತ್ತವೆ. ನದಿಯ ಪೂರ್ವ ದಡದ ವಸತಿಗೆ ಹಳೆಯ ಬದಿ ಎಂದೂ ಪಶ್ಚಿಮ ದಡದ್ದಕ್ಕೆ ಹೊಸ ಬದಿ ಎಂದೂ ಹೆಸರು ಬಿತ್ತು. ಹಳೆಯ ಬದಿಯ ಚರ್ಚು 1306ರಲ್ಲಿ ಪ್ರತಿಷ್ಠೆಗೊಂಡರೆ ಹೊಸ ಬದಿಯದು ಅದಾಗಿ ಸುಮಾರು ನೂರು ವರ್ಷಗಳ ನಂತರದ್ದು. ಊರು ಬೆಳೆದಂತೆಲ್ಲ ಮಣ್ಣಿನ ಕೋಟೆಯನ್ನೂ ಅದರ ಕಂದಕವನ್ನೂ ಹೊರಕ್ಕೆ ಸರಿಸುತ್ತಾ ಹೋದುದರಿಂದ ನಿನ್ನೆಯ ಕಂದಕ ಇಂದಿನ ಒಳಗಾಲುವೆಯಾಗುತ್ತಿತ್ತು. ಈ ಭಾಗದ ಹಲವು ಕಾಲುವೆಗಳ ಹೆಸರಿನ ಕೊನೆಯಲ್ಲಿರುವ ಬುರ್ಗ್‌ವಾಲ್ ಎಂಬುದು ಕೋಟೆಗೆ ಹೊಂದಿಕೊಂಡ ಕಂದಕವನ್ನು ಸೂಚಿಸುತ್ತದೆ, ಮತ್ತು ಸಿಂಗೆಲ್ ಎಂಬ ಕಾಲುವೆಯೂ 16ನೇ ಶತಮಾನದ ಕೊನೆಯ ದಶಕಗಳವರೆಗೆ ಊರಿನ ಹೊರಗಡಿಯಾಗಿತ್ತು.

ಈ ಮೊದಲ ಊರು ಮರದ್ದು. ಮೆತ್ತನೆಯ ನೆಲ ಹಗುರವಾದ ಮನೆಯನ್ನಷ್ಟೇ ತಾಳಬಲ್ಲದಾಗಿದ್ದುದರಿಂದ ಗೋಡೆಗಳನ್ನು ಹಲಗೆಯಿಂದ ಕಟ್ಟುತ್ತಿದ್ದರು, ಮತ್ತು ಅದಕ್ಕೆ ತಕ್ಕ ಬೆಲೆಯನ್ನೂ ತೆತ್ತರು: 1452ರ ಬೆಂಕಿಯಲ್ಲಿ ಊರಿನ ಬಹುಪಾಲು ಸುಟ್ಟುಹೋಯಿತು. ಅದರ ನಂತರ ನಗರಸಭೆಯು ಹಂತಹಂತವಾಗಿ ಇಟ್ಟಿಗೆಯ ಗೋಡೆಯನ್ನು ಕಡ್ಡಾಯಗೊಳಿಸಿತು. ಹಲಗೆಯ ಮುಂಗೋಡೆಯುಳ್ಳ ಹಳೆಯ ಮನೆಗಳಲ್ಲಿ ಈಗ ಉಳಿದಿರುವವು ಎರಡೇ. ಒಂದು ಜೇಡೈಕ್ ಬೀದಿಯ ತುದಿಯಲ್ಲಿದೆ, ಇನ್ನೊಂದು ಬೆಗೈನ್‌ಹೊಫ್ ಎಂಬ ಮುಚ್ಚಿದ ಅಂಗಳದಲ್ಲಿದೆ. ಬೆಗೈನರೆಂದರೆ ಸನ್ಯಾಸದ ಕಠಿಣ ಪ್ರತಿಜ್ಞೆಗಳನ್ನು ಕೈಗೊಳ್ಳದೆ, ಸ್ವಂತ ಮನೆಗಳಲ್ಲಿದ್ದುಕೊಂಡೇ ಪ್ರಾರ್ಥನೆ ಮತ್ತು ರೋಗಿಗಳ ಶುಶ್ರೂಷೆಯಲ್ಲಿ ತೊಡಗುತ್ತಿದ್ದ ಕ್ಯಾಥೊಲಿಕ್ ಸ್ತ್ರೀಯರು. 1578ರ ಮೇ ತಿಂಗಳಲ್ಲಿ ಪ್ರಾಟೆಸ್ಟಂಟರು ನಗರಸಭೆಯನ್ನು ವಶಪಡಿಸಿಕೊಂಡು ಕ್ಯಾಥೊಲಿಕ್ ಪೂಜೆಯನ್ನು ಬಹಿರಂಗವಾಗಿ ನಡೆಸದಂತೆ ನಿಷೇಧಿಸಿದಾಗ ಈ ಸ್ತ್ರೀಯರ ಮನೆಗಳು ಅವರವರ ಖಾಸಗಿ ಸ್ವತ್ತಾಗಿದ್ದುದರಿಂದ ಉಳಿದುಕೊಂಡವು. ಆದರೆ ಅಂಗಳದ ನಡುವಿನ ಚರ್ಚು ಅವರ ಕೈತಪ್ಪಿ 1607ರಲ್ಲಿ ಇಂಗ್ಲಿಷ್ ಪ್ರಾಟೆಸ್ಟಂಟರ ಪಾಲಾಯಿತು. ಈ ಪರಂಪರೆಯ ಕೊನೆಯ ಸ್ತ್ರೀ ತೀರಿಕೊಂಡದ್ದು 1971ರಲ್ಲಿ, ಅಂದರೆ ಅಧಿಕಾರ ಬದಲಾದ ಸುಮಾರು 400 ವರ್ಷಗಳವರೆಗೆ ಆ ಅಂಗಳ ತನ್ನ ಮೂಲ ಒಡತಿಯರನ್ನು ಪೂರ್ತಿಯಾಗಿ ಕಳೆದುಕೊಂಡಿರಲಿಲ್ಲ. ಹಳೆಯ ಬದಿಯ ಕಾಲುವೆಯೊಂದರ ದಡದಲ್ಲಿ ಕ್ಯಾಥೊಲಿಕ್ ವರ್ತಕನೊಬ್ಬ 1660ರ ದಶಕದ ಆರಂಭದಲ್ಲಿ ತನ್ನ ಮನೆಯ ಅಟ್ಟವನ್ನೇ ಚರ್ಚಾಗಿ ಮಾರ್ಪಡಿಸಿದನು. ಹೊರಗಿನಿಂದ ಸಾಮಾನ್ಯ ಮನೆಯಂತೆ ತೋರುವ ಇಂತಹ ಗುಪ್ತ ಚರ್ಚುಗಳು ನಗರಸಭೆಗೆ ತಿಳಿಯದ ವಿಷಯವೇನಾಗಿರಲಿಲ್ಲ, ಬೀದಿಗೆ ಕಾಣದಿದ್ದರೆ ಸಾಕೆಂಬ ಒಪ್ಪಂದ ಅಲ್ಲಿ ನಡೆಯುತ್ತಿತ್ತು. ಡಚ್ಚರ ಸಹಿಷ್ಣುತೆಯೆಂದು ಹೊಗಳಲಾಗುವ ನಡವಳಿಕೆಯ ನಿಜವಾದ ಅಳತೆ ಈ ಅಟ್ಟದಲ್ಲಿ ಸಿಗುತ್ತದೆ.

1585ರಲ್ಲಿ ಸ್ಪೇನಿನ ಸೈನ್ಯಕ್ಕೆ ಆಂಟ್‌ವರ್ಪ್ ನಗರ ಶರಣಾದ ಮೇಲೆ ಅಲ್ಲಿಯ ವರ್ತಕರೂ ನೇಕಾರರೂ ಮುದ್ರಕರೂ ದೊಡ್ಡ ಸಂಖ್ಯೆಯಲ್ಲಿ ಉತ್ತರಕ್ಕೆ ಬಂದರು, ಮತ್ತು 30,000ದ ಆಸುಪಾಸಿನಲ್ಲಿದ್ದ ಆಮ್‌ಸ್ಟರ್‌ಡ್ಯಾಮಿನ ಜನಸಂಖ್ಯೆ 1622ರ ಹೊತ್ತಿಗೆ ಒಂದು ಲಕ್ಷವನ್ನು ದಾಟಿತು. 1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿಯು ಹಳೆಯ ಬದಿಯ ಅಂಚಿನಲ್ಲಿ ಕಟ್ಟಿಸಿದ ಕಚೇರಿಯಿಂದ ಏಷ್ಯಾದ ವ್ಯಾಪಾರವನ್ನು ನಡೆಸುತ್ತಿತ್ತು. ಕೆಳದಿಯ ನಾಯಕರ ಆಳ್ವಿಕೆಯಲ್ಲಿದ್ದ ಕನ್ನಡ ಕರಾವಳಿಯ ಬಸರೂರಿನಲ್ಲಿ 17ನೇ ಶತಮಾನದ ಉತ್ತರಾರ್ಧದಲ್ಲಿ ಕೋಠಿಯನ್ನಿಟ್ಟು ಅಕ್ಕಿ ಮತ್ತು ಮೆಣಸಿನ ವ್ಯಾಪಾರ ಮಾಡಿದ್ದು ಇದೇ ಕಂಪನಿ. ಹಣ ಹರಿದುಬರುತ್ತಿತ್ತು, ಜನ ಇನ್ನೂ ವೇಗವಾಗಿ ಬರುತ್ತಿದ್ದರು, ಸಿಂಗೆಲ್ ಕಾಲುವೆಯ ಒಳಗೆ ಜಾಗವಿರಲಿಲ್ಲ.

1613ರಲ್ಲಿ ಆರಂಭವಾದ ವಿಸ್ತರಣೆಯಲ್ಲಿ ಹೇರೆನ್‌ಗ್ರಾಖ್ತ್, ಕೈಜರ್ಸ್‌ಗ್ರಾಖ್ತ್, ಪ್ರಿನ್ಸೆನ್‌ಗ್ರಾಖ್ತ್ ಎಂಬ ಮೂರು ಕಾಲುವೆಗಳು, ಅಂದರೆ ನಗರದ ಒಡೆಯರ, ಚಕ್ರವರ್ತಿಯ ಮತ್ತು ರಾಜಕುಮಾರನ ಹೆಸರಿನ ಕಾಲುವೆಗಳು, ಸಿಂಗೆಲ್‌ಗೆ ಸಮಾಂತರವಾಗಿ ರೂಪುಗೊಂಡವು. ನಗರದ ಬಡಗಿಗಳ ಮುಖ್ಯಸ್ಥರಾಗಿದ್ದ ಹೆಂಡ್ರಿಕ್ ಯಾಕೊಬ್ಸ್ ಸ್ಟಾಟ್ಸ್ ಮತ್ತು ಮೋಜಣಿದಾರ ಲೂಕಸ್ ಸಿಂಕ್ ಈ ಕೆಲಸದಲ್ಲಿ ಪ್ರಮುಖರು. ಆದರೆ ರೇಖೆ ಎಳೆಯುವ ಮುನ್ನವೇ ಲಾಭದ ಲೆಕ್ಕ ಶುರುವಾಗಿತ್ತು. ಬರಲಿರುವ ವಿಸ್ತರಣೆಯನ್ನು ಒಳಗಿನಿಂದಲೇ ಬಲ್ಲ ಮೇಯರ್ ಫ್ರಾನ್ಸ್ ಊಟ್ಖೆನ್ಸ್ ತನ್ನವರೊಡನೆ ಕೂಡಿ ಕೋಟೆಯ ಹೊರಗಿನ ಜಮೀನನ್ನು ಮುಂಚಿತವಾಗಿ ಕೊಂಡಿಟ್ಟುಕೊಂಡಿದ್ದನು, ಮತ್ತು ಇದನ್ನು ನಗರಸಭೆಯೊಳಗೇ ನಿಂತು ದಿಟ್ಟವಾಗಿ ವಿರೋಧಿಸಿದ ಹಿರಿಯ ಮೇಯರ್ ಸಿ. ಪಿ. ಹೂಫ್ಟ್ ಅವರ ಮಾತಿಗೆ ಸಿಕ್ಕ ಬೆಲೆ ಅಲ್ಪವೇ. ಇಂದು ವಿಶ್ವವೇ ಮೆಚ್ಚುವ ನಗರಯೋಜನೆಯ ಬುಡದಲ್ಲಿ ಈ ಭೂವ್ಯವಹಾರವೂ ಇದೆಯೆಂಬುದನ್ನು ಮರೆಯಬಾರದು.

ನಿವೇಶನಗಳನ್ನು ಷರತ್ತುಗಳೊಂದಿಗೆ ಮಾರಲಾಯಿತು. ಮನೆಯ ಹಿಂದೆ ಇಂತಿಷ್ಟು ಜಾಗವನ್ನು ತೋಟಕ್ಕೆ ಬಿಡಬೇಕು, ಕಮ್ಮಾರಿಕೆ, ಪೀಪಾಯಿ ತಯಾರಿಕೆಯಂತಹ ಸದ್ದಿನ ಅಥವಾ ವಾಸನೆಯ ಕಸುಬುಗಳನ್ನು ಮುಖ್ಯ ಕಾಲುವೆಗಳ ಮೇಲೆ ನಡೆಸಕೂಡದು ಎಂಬವು ಅವುಗಳಲ್ಲಿ ಮುಖ್ಯವಾದವು. ನಿವೇಶನದ ಮುಂಭಾಗ ಕಿರಿದಾಗಿಯೂ ಆಳ ಉದ್ದವಾಗಿಯೂ ಇದ್ದುದರಿಂದ ಮನೆಗಳು ಎತ್ತರಕ್ಕೆ ಬೆಳೆದವು; ಒಳಗಿನ ಮೆಟ್ಟಿಲು ಇಕ್ಕಟ್ಟಾಗಿದ್ದುದರಿಂದ ಮುಂಗೋಡೆಯ ನೆತ್ತಿಯಿಂದ ಹೊರಚಾಚಿದ ತೊಲೆಗೆ ಹಗ್ಗ ಕಟ್ಟಿ ಸರಕನ್ನು ಅಟ್ಟದ ಉಗ್ರಾಣಕ್ಕೆ ಎಳೆದುಕೊಳ್ಳುತ್ತಿದ್ದರು, ಮೇಲೇರುವ ಮೂಟೆ ಗೋಡೆಗೆ ಉಜ್ಜದಿರಲೆಂದು ಎಷ್ಟೋ ಮನೆಗಳ ಮುಂಗೋಡೆಯನ್ನು ತುಸು ಮುಂದಕ್ಕೆ ಬಾಗಿಸಿ ಕಟ್ಟುತ್ತಿದ್ದರು. ಇಷ್ಟು ಭಾರವನ್ನು ಹೊತ್ತಿದ್ದು ನೆಲದೊಳಗಿನ ಮರ. ಸುಮಾರು 12 ಮೀಟರ್ ಆಳದಲ್ಲಿರುವ ಮರಳಿನ ಪದರವನ್ನು ಮುಟ್ಟುವವರೆಗೆ ಮರದ ದಿಮ್ಮಿಗಳನ್ನು ಹೊಡೆದಿಳಿಸಿ ಅವುಗಳ ಮೇಲೆ ತಳಪಾಯ ಹಾಕುವುದು ಇಲ್ಲಿಯ ಪದ್ಧತಿ. 1648ರಲ್ಲಿ ಆರಂಭವಾದ ಪುರಭವನಕ್ಕೆ, ಅಂದರೆ ಡ್ಯಾಮ್ ಚೌಕದಲ್ಲಿರುವ ಈಗಿನ ಅರಮನೆಗೆ, 13,659 ದಿಮ್ಮಿಗಳನ್ನು ಇಳಿಸಲಾಗಿತ್ತು. ದಿಮ್ಮಿಯ ತಲೆ ಅಂತರ್ಜಲದ ಮಟ್ಟಕ್ಕಿಂತ ಕೆಳಗಿದ್ದಷ್ಟು ಕಾಲ ಗಾಳಿ ಸೋಕದೆ ಮರ ಬಾಳುತ್ತದೆ, ನೀರಿಳಿದರೆ ಶಿಲೀಂಧ್ರ ಹಿಡಿದು ಕೊಳೆಯುತ್ತದೆ.

1660ರ ದಶಕದಲ್ಲಿ ಈ ಕಾಲುವೆಗಳನ್ನು ಆಮ್‌ಸ್ಟೆಲ್ ನದಿಯತ್ತ ಮುಂದುವರಿಸಿದಾಗ ಶ್ರೀಮಂತರು ಎರಡೆರಡು ನಿವೇಶನಗಳನ್ನು ಒಗ್ಗೂಡಿಸಿ ಅರಮನೆಯಂತಹ ಮನೆಗಳನ್ನು ಕಟ್ಟಿದ ಹೇರೆನ್‌ಗ್ರಾಖ್ತಿನ ಭಾಗಕ್ಕೆ ಚಿನ್ನದ ತಿರುವು ಎಂಬ ಹೆಸರು ಬಂದಿತು. 1672ರಲ್ಲಿ ಫ್ರಾನ್ಸ್ ಮತ್ತು ಇಂಗ್ಲೆಂಡ್ ಒಟ್ಟಾಗಿ ಯುದ್ಧ ಸಾರಿದಾಗ ನಿವೇಶನ ಕೊಳ್ಳುವವರೇ ಇಲ್ಲವಾಗಿ, ನದಿಯಾಚೆಯ ಪೂರ್ವಭಾಗವು ತೋಟಗಳಿಗೆ ಮೀಸಲಾಗಿ ಪ್ಲಾಂಟಾಖೆ ಎಂಬ ಹೆಸರಿನಲ್ಲಿ ಉಳಿಯಿತು.

ಪ್ರಿನ್ಸೆನ್‌ಗ್ರಾಖ್ತನ್ನು ಪಶ್ಚಿಮಕ್ಕೆ ದಾಟಿದೊಡನೆ ಬೀದಿಗಳ ದಿಕ್ಕೇ ಬದಲಾಗುತ್ತದೆ. ಕಾಲುವೆವರ್ತುಲದ ಅಡ್ಡಬೀದಿಗಳು ಇಲ್ಲಿಯ ಬೀದಿಗಳೊಂದಿಗೆ ನೇರವಾಗಿ ಕೂಡುವುದಿಲ್ಲ. ಓರೆಯಾಗಿ ಸಾಗುವ ಕಿರುಗಾಲುವೆಗಳು, ಇಕ್ಕಟ್ಟಾದ ಓಣಿಗಳು, ಚಿಕ್ಕ ಮನೆಗಳು. ಯೋರ್ಡಾನ್ ಎಂಬ ಈ ಕೇರಿಯೂ 1613ರ ವಿಸ್ತರಣೆಯಲ್ಲೇ ಕೋಟೆಯೊಳಗೆ ಬಂದದ್ದು. ಆದರೆ ಇಲ್ಲಿ ನಗರಸಭೆಯು ಜಮೀನನ್ನು ಕೊಂಡು ಹೊಸದಾಗಿ ಅಳೆಯುವ ಖರ್ಚಿಗೆ ಹೋಗದೆ, ಹೊಲಗಳ ನಡುವೆ ನೀರು ಬಸಿಯಲು ಮೊದಲೇ ತೋಡಿದ್ದ ಕಟ್ಟುಗಾಲುವೆಗಳನ್ನೇ ಅಗಲಿಸಿ ಕಾಲುವೆಗಳನ್ನಾಗಿ, ಹೊಲದ ದಾರಿಗಳನ್ನೇ ಬೀದಿಗಳನ್ನಾಗಿ ಮಾಡಿತು. ಮೂರು ಮುಖ್ಯ ಕಾಲುವೆಗಳಿಂದ ಹೊರದೂಡಲ್ಪಟ್ಟ ಕಸುಬುಗಳು ಬಂದು ಸೇರಿದ್ದು ಇಲ್ಲಿಗೆ: ಚರ್ಮ ಹದಮಾಡುವವರ ಹೆಸರು ಲೋಯರ್ಸ್‌ಗ್ರಾಖ್ತ್ ಎಂಬ ಕಾಲುವೆಯಲ್ಲೂ, ಹಗ್ಗ ಹೊಸೆಯುವ ಉದ್ದನೆಯ ಅಂಗಳಗಳ ಹೆಸರು ಕೇರಿಯ ಹೊರಗಡಿಯಾದ ಲೈನ್‌ಬಾನ್ಸ್‌ಗ್ರಾಖ್ತ್ ಕಾಲುವೆಯಲ್ಲೂ ಉಳಿದಿವೆ. ಉಳಿದ ಹಲವು ಕಾಲುವೆಗಳಿಗೆ ಗುಲಾಬಿ, ಕಾರ್ನೇಶನ್, ಚೆಂಡುಹೂವಿನ ಜಾತಿಯ ಗಿಡಗಳ ಹೆಸರುಗಳಿದ್ದುದರಿಂದ ಕೇರಿಯ ಹೆಸರು ತೋಟ ಎಂಬರ್ಥದ ಫ್ರೆಂಚ್ ಪದದಿಂದ ಬಂದಿರಬಹುದೆಂದು ಕೆಲವರೂ, ಬೈಬಲಿನ ಜೋರ್ಡಾನ್ ನದಿಯಿಂದ ಬಂದಿರಬಹುದೆಂದು ಇನ್ನು ಕೆಲವರೂ ವಾದಿಸಿದ್ದಾರೆ.

ಮನೆಗಳಿಗೆ ಸಂಖ್ಯೆಗಳಿಲ್ಲದ ಕಾಲದಲ್ಲಿ ಮುಂಗೋಡೆಯಲ್ಲಿ ಕೂರಿಸಿದ, ಬಣ್ಣ ಬಳಿದ ಉಬ್ಬುಶಿಲ್ಪದ ಕಲ್ಲುಗಳೇ ವಿಳಾಸದ ಕೆಲಸ ಮಾಡುತ್ತಿದ್ದವು. ಯೋರ್ಡಾನಿನಲ್ಲಿ ಇವು ಇಂದಿಗೂ ಧಾರಾಳವಾಗಿವೆ. ಅನುಕೂಲಸ್ಥರು ಬಡ ವಿಧವೆಯರಿಗೂ ಒಂಟಿ ವೃದ್ಧೆಯರಿಗೂ ಕಟ್ಟಿಸಿಕೊಟ್ಟ, ಒಳಾಂಗಳದ ಸುತ್ತ ಪುಟ್ಟ ಮನೆಗಳಿರುವ ಹೊಫ್ಯೆ ಎಂಬ ಧರ್ಮಾರ್ಥ ವಸತಿಗಳೂ ಇಲ್ಲಿ ಹೆಚ್ಚು. ನಗರವೇ 1650ರಲ್ಲಿ ಕಟ್ಟಿಸಿದ ಕಾರ್ಟೈಜರ್‌ಹೊಫ್ ಅವುಗಳಲ್ಲಿ ದೊಡ್ಡದು. ದಿವಾಳಿಯಾಗಿ ಮನೆ ಕಳೆದುಕೊಂಡ ಚಿತ್ರಕಾರ ರೆಂಬ್ರಾಂಟ್ ತಮ್ಮ ಕೊನೆಯ ವರ್ಷಗಳನ್ನು ಇಲ್ಲಿಯ ರೋಜನ್‌ಗ್ರಾಖ್ತ್ ಕಾಲುವೆಯ ಬಾಡಿಗೆ ಮನೆಯಲ್ಲಿ ಕಳೆದು, 1669ರಲ್ಲಿ ತೀರಿಕೊಂಡಾಗ ಸಮೀಪದ ವೆಸ್ಟರ್‌ಕೆರ್ಕ್ ಚರ್ಚಿನ ಬಾಡಿಗೆ ಗೋರಿಯೊಂದರಲ್ಲಿ ಮಣ್ಣಾದರು.

19ನೇ ಶತಮಾನದಲ್ಲಿ ಕೇರಿಯ ಸ್ಥಿತಿ ಹದಗೆಟ್ಟಿತು. ಒಂದೊಂದು ಕೋಣೆಗೆ ಒಂದೊಂದು ಕುಟುಂಬ, ನೆಲಮಾಳಿಗೆಯ ತೇವದಲ್ಲಿಯೂ ವಾಸ, ಮಲಮೂತ್ರವೆಲ್ಲ ಕಾಲುವೆಗೆ. ಆರೋಗ್ಯ ಮತ್ತು ಸಂಚಾರದ ಕಾರಣ ಹೇಳಿ ನಗರಸಭೆಯು ಇಲ್ಲಿಯ ಹಲವು ಕಾಲುವೆಗಳನ್ನು ಒಂದೊಂದಾಗಿ ಮುಚ್ಚಿತು: 1857ರಲ್ಲಿ ಚೆಂಡುಹೂವಿನ ಹೆಸರಿನದು, 1861ರಲ್ಲಿ ಕಾರ್ನೇಶನ್ ಹೆಸರಿನದು, 1889ರಲ್ಲಿ ರೋಜನ್‌ಗ್ರಾಖ್ತ್, 1895ರಲ್ಲಿ ಲಿಂಡನ್‌ಗ್ರಾಖ್ತ್. ಶ್ರೀಮಂತರ ಮೂರು ಕಾಲುವೆಗಳು ತೆರೆದೇ ಉಳಿದುದನ್ನು ಗಮನಿಸಿದರೆ, 1613ರಲ್ಲಿ ನೆಲದ ವಿಷಯದಲ್ಲಿ ನಡೆದ ತಾರತಮ್ಯವೇ ನೀರಿನ ವಿಷಯದಲ್ಲೂ ಮರುಕಳಿಸಿತೆಂಬುದು ಸ್ಪಷ್ಟವಾಗುತ್ತದೆ.

ಆಳುವವರ ಬಗ್ಗೆ ಕೇರಿಯಲ್ಲಿ ಮಡುಗಟ್ಟಿದ್ದ ಅವಿಶ್ವಾಸ ಹಲವು ಬಾರಿ ಸ್ಫೋಟಗೊಂಡಿತು. ಕಾಲುವೆಯ ಮೇಲೆ ಅಡ್ಡಲಾಗಿ ಕಟ್ಟಿದ ಹಗ್ಗಕ್ಕೆ ಜೀವಂತ ಹಾವುಮೀನನ್ನು ತೂಗುಬಿಟ್ಟು, ದೋಣಿಯಲ್ಲಿ ಬರುವವರು ಅದನ್ನು ಕಿತ್ತುಕೊಳ್ಳುವ ಕ್ರೂರವಾದ ಜನಪ್ರಿಯ ಆಟವನ್ನು ನಿಷೇಧಿಸಲಾಗಿತ್ತು. 1886ರ ಜುಲೈಯಲ್ಲಿ ಲಿಂಡನ್‌ಗ್ರಾಖ್ತಿನ ಮೇಲೆ ಆ ಆಟ ನಡೆದಾಗ ಪೊಲೀಸರು ಹಗ್ಗ ಕತ್ತರಿಸಿದರು, ಗಲಭೆ ಭುಗಿಲೆದ್ದಿತು, ಸೈನ್ಯ ಗುಂಡು ಹಾರಿಸಿತು, 26 ಮಂದಿ ಸತ್ತರು. ಒಂದು ಮೀನಿಗಾಗಿ ಇಷ್ಟು ಜನ ಸಾಯುವುದಿಲ್ಲ. ಸಮಾಜವಾದದ ಅಲೆಗೆ ಬೆದರಿದ್ದ ಅಧಿಕಾರಿಗಳು ಮತ್ತು ಹಸಿವಿನಿಂದ ಕುದಿಯುತ್ತಿದ್ದ ಜನ ಎದುರುಬದುರಾದ ಗಳಿಗೆ ಅದು. 1917ರಲ್ಲಿ ಸೈನ್ಯಕ್ಕೆಂದು ತಂದಿದ್ದ ಆಲೂಗಡ್ಡೆಯ ದೋಣಿಯನ್ನು ಹಸಿದ ಹೆಂಗಸರು ದೋಚಿದಾಗಲೂ, 1934ರಲ್ಲಿ ನಿರುದ್ಯೋಗಿಗಳ ಭತ್ಯೆಯನ್ನು ಕಡಿತಗೊಳಿಸಿದಾಗಲೂ ಇದೇ ಬೀದಿಗಳಲ್ಲಿ ರಕ್ತ ಹರಿಯಿತು.

ಊರಿನ ಇನ್ನೊಂದು ಬದಿಯಲ್ಲಿ, ನ್ಯೂಮಾರ್ಕ್ಟ್ ಚೌಕದ ಆಗ್ನೇಯಕ್ಕೆ, ಯಹೂದಿಯರ ಕೇರಿ ಬೆಳೆಯಿತು. ಸ್ಪೇನ್ ಮತ್ತು ಪೋರ್ಚುಗಲ್‌ಗಳಿಂದ ಧಾರ್ಮಿಕ ಹಿಂಸೆಗೆ ಅಂಜಿ ಬಂದ ಸೆಫಾರ್ಡಿ ಯಹೂದಿಯರು 16ನೇ ಶತಮಾನದ ಅಂತ್ಯದಿಂದಲೂ, ಜರ್ಮನಿ ಮತ್ತು ಪೋಲೆಂಡ್ ಕಡೆಯ ಬಡ ಅಶ್ಕೆನಾಜಿ ಯಹೂದಿಯರು 1630ರ ದಶಕದಿಂದಲೂ ಇಲ್ಲಿ ನೆಲೆಸತೊಡಗಿದರು. ಇವರನ್ನು ಒಂದೇ ಕೇರಿಯಲ್ಲಿರಬೇಕೆಂದು ಯಾವ ಗೋಡೆಯೂ ಬಂಧಿಸಿರಲಿಲ್ಲ. ಆದರೆ ಕಸುಬುದಾರರ ಸಂಘಗಳಾದ ಗಿಲ್ಡುಗಳು ಯಹೂದಿಯರಿಗೆ ಬಾಗಿಲು ಮುಚ್ಚಿದ್ದುದರಿಂದ ಅವರಿಗೆ ಉಳಿದದ್ದು ಗಿಲ್ಡುಗಳ ಹಿಡಿತಕ್ಕೆ ಇನ್ನೂ ಸಿಗದ ಹೊಸ ಉದ್ಯಮಗಳು ಮತ್ತು ಬೀದಿವ್ಯಾಪಾರ. ವಜ್ರ ಕೊಯ್ಯುವುದು, ಹೊಗೆಸೊಪ್ಪು, ಸಕ್ಕರೆ, ಹೀಬ್ರೂ ಮುದ್ರಣ ಅವರ ಕಸುಬುಗಳಾದವು. 1675ರಲ್ಲಿ ಪೂರ್ಣಗೊಂಡ ಪೋರ್ಚುಗೀಸ್ ಸಿನಗಾಗ್, ಕ್ಯಾಥೊಲಿಕರ ಅಟ್ಟದ ಚರ್ಚಿಗೆ ತದ್ವಿರುದ್ಧವಾಗಿ, ದೂರದಿಂದಲೇ ಕಾಣುವ ಭವ್ಯ ಕಟ್ಟಡ. 1632ರಲ್ಲಿ ಈ ಕೇರಿಯಲ್ಲೇ ಹುಟ್ಟಿದ ತತ್ತ್ವಜ್ಞಾನಿ ಸ್ಪಿನೋಜಾ 1656ರಲ್ಲಿ ಸಮುದಾಯದಿಂದ ಬಹಿಷ್ಕೃತರಾದರು. ಅದೇ ವರ್ಷ ಇಲ್ಲಿಯ ಯೋಡನ್‌ಬ್ರೇಸ್ಟ್ರಾಟ್ ಬೀದಿಯ ದೊಡ್ಡ ಮನೆಯಲ್ಲಿದ್ದ ರೆಂಬ್ರಾಂಟ್ ದಿವಾಳಿಯಾದರು. 1796ರಲ್ಲಿ ಸಮಾನ ನಾಗರಿಕ ಹಕ್ಕುಗಳು ದೊರೆತರೂ ಬಡತನ ಉಳಿಯಿತು. 1870ರ ನಂತರ ದಕ್ಷಿಣ ಆಫ್ರಿಕದ ವಜ್ರಗಳು ಬರತೊಡಗಿದಾಗ ಕೆಲವು ವರ್ಷ ಕೇರಿಗೆ ಹಣದ ಮುಖ ಕಂಡಿತು, ಮತ್ತು ಹೆನ್ರಿ ಪೊಲಾಕ್ ಅವರ ನೇತೃತ್ವದಲ್ಲಿ 1894ರಲ್ಲಿ ಹುಟ್ಟಿದ ವಜ್ರಕಾರ್ಮಿಕರ ಸಂಘವು ಯಹೂದಿ ಮತ್ತು ಕ್ರೈಸ್ತ ಕೆಲಸಗಾರರನ್ನು ಒಂದೇ ಸೂರಿನಡಿ ತಂದಿತು.

1940ರಲ್ಲಿ ಜರ್ಮನ್ ಸೇನೆ ದೇಶವನ್ನು ಆಕ್ರಮಿಸಿದಾಗ ಆಮ್‌ಸ್ಟರ್‌ಡ್ಯಾಮಿನ ಸುಮಾರು ಹತ್ತರಲ್ಲೊಬ್ಬರು ಯಹೂದಿಯರಾಗಿದ್ದರು. 1941ರ ಫೆಬ್ರವರಿಯಲ್ಲಿ ಕೇರಿಗೆ ಮುಳ್ಳುತಂತಿಯ ಬೇಲಿ ಬಿತ್ತು. 22 ಮತ್ತು 23ರಂದು 400ಕ್ಕೂ ಹೆಚ್ಚು ಯುವಕರನ್ನು ಸಿನಗಾಗುಗಳ ಎದುರಿನ ಚೌಕದಲ್ಲಿ ಹಿಡಿದು ಸೆರೆಶಿಬಿರಗಳಿಗೆ ಸಾಗಿಸಲಾಯಿತು. ಮರುದಿನ ಸಂಜೆ ಯೋರ್ಡಾನಿನ ನೋರ್ಡರ್‌ಮಾರ್ಕ್ಟ್ ಚೌಕದಲ್ಲಿ ಪೌರಕಾರ್ಮಿಕರೂ ಇತರರೂ ಸೇರಿ ಮುಷ್ಕರಕ್ಕೆ ಕರೆಕೊಟ್ಟರು, 25ರ ಬೆಳಗ್ಗೆ ಟ್ರಾಮುಗಳು ನಿಂತವು, ಕಾರ್ಖಾನೆಗಳು ಮುಚ್ಚಿದವು. ಆಕ್ರಮಿತ ಯುರೋಪಿನಲ್ಲಿ ಯಹೂದಿಯರ ಮೇಲಿನ ದೌರ್ಜನ್ಯವನ್ನು ವಿರೋಧಿಸಿ ನಡೆದ ಇಂತಹ ಬಹಿರಂಗ ಸಾಮೂಹಿಕ ಮುಷ್ಕರ ಅತ್ಯಪೂರ್ವವಾದುದು. ಅದಕ್ಕೆ ನೆಲೆಯೊದಗಿಸಿದ್ದು, ನಗರಸಭೆ ತಿರಸ್ಕಾರದಿಂದ ಕಂಡಿದ್ದ ಆ ಬಡ ಕೇರಿ. ಎರಡೇ ದಿನಗಳಲ್ಲಿ ಮುಷ್ಕರವನ್ನು ಹತ್ತಿಕ್ಕಲಾಯಿತು. ಮುಂದಿನ ವರ್ಷಗಳಲ್ಲಿ ದೇಶದ ಯಹೂದಿಯರಲ್ಲಿ ಸುಮಾರು ಮುಕ್ಕಾಲು ಭಾಗ, ಒಂದು ಲಕ್ಷಕ್ಕೂ ಮಿಕ್ಕಿದ ಜನ, ಕೊಲೆಯಾದರು. ಜನರಿಲ್ಲದ ಮನೆಗಳ ತೊಲೆ, ಮೆಟ್ಟಿಲು, ಹಲಗೆಗಳನ್ನು 1944-45ರ ಬರಗಾಲದ ಚಳಿಗಾಲದಲ್ಲಿ ನಗರದ ಜನ ಉರುವಲಿಗೆ ಕಿತ್ತೊಯ್ದರು, ಮತ್ತು ಆಧಾರ ತಪ್ಪಿದ ಗೋಡೆಗಳು ಸಾಲುಸಾಲಾಗಿ ಕುಸಿದವು.

ಹೀಗೆ ಬರಿದಾದ ಕೇರಿಯನ್ನು ಯುದ್ಧಾನಂತರದ ಯೋಜಕರು ರಸ್ತೆಗಳಿಗೆ ಸಿಕ್ಕ ಜಾಗವೆಂದು ಕಂಡರು. ಹಳೆಯ ಊರನ್ನು ವಾಹನಗಳಿಗೆ ಒಪ್ಪಿಸುವ ಯೋಚನೆ ಹೊಸದಾಗಿರಲಿಲ್ಲ: 1901ರಲ್ಲಿ ರೆಗುಲಿರ್ಸ್‌ಗ್ರಾಖ್ತನ್ನು ಮುಚ್ಚುವ ಪ್ರಸ್ತಾಪ ಪ್ರತಿಭಟನೆಯಿಂದ ಬಿದ್ದುಹೋಗಿತ್ತು, 1954ರಲ್ಲಿ ನಗರದ ಪೊಲೀಸ್ ಮುಖ್ಯಸ್ಥ ಕಾಸ್‌ಯಾಗರ್ ಹಲವು ಕಾಲುವೆಗಳನ್ನು ಮುಚ್ಚಿ ರಸ್ತೆ ಮಾಡಬೇಕೆಂದು ಸೂಚಿಸಿದ್ದರು, 1967ರಲ್ಲಿ ಡೇವಿಡ್ ಯೋಕಿನೆನ್ ಎಂಬ ಅಮೆರಿಕನ್ ಯೋಜಕರು ಹೊರವರ್ತುಲದ ಕಾಲುವೆಯ ಜಾಗದಲ್ಲಿ ಹೆದ್ದಾರಿಯನ್ನು ಪ್ರಸ್ತಾಪಿಸಿದ್ದರು. ಯಹೂದಿ ಕೇರಿಯಲ್ಲಿ ಮಾತ್ರ ಯೋಜನೆ ಕಾಗದವನ್ನು ಬಿಟ್ಟು ನೆಲಕ್ಕಿಳಿಯಿತು. ಯೋಡನ್‌ಬ್ರೇಸ್ಟ್ರಾಟನ್ನು ಅಗಲಗೊಳಿಸಲಾಯಿತು, ಅದನ್ನು ನ್ಯೂಮಾರ್ಕ್ಟ್ ಮೂಲಕ ಕೇಂದ್ರ ರೈಲು ನಿಲ್ದಾಣದತ್ತ ಒಯ್ಯುವ ನಾಲ್ಕು ಪಥಗಳ ರಸ್ತೆಗೂ ಅದರಡಿಯ ಮೆಟ್ರೋ ಸುರಂಗಕ್ಕೂ ಮನೆಗಳನ್ನು ಕೆಡವಲು ತೊಡಗಿದರು. ಖಾಲಿ ಮನೆಗಳನ್ನು ಹೊಕ್ಕು ನೆಲೆಸಿದ ಯುವಕರೂ ಹಳೆಯ ಬಾಡಿಗೆದಾರರೂ ಪರಂಪರೆಯ ರಕ್ಷಣೆಗೆ ದುಡಿಯುತ್ತಿದ್ದ ಸಂಘಗಳೂ ಒಟ್ಟಾದ ಮೇಲೆ ಹೆದ್ದಾರಿಯನ್ನು ಕೈಬಿಡಲಾಯಿತು. 1651ರಿಂದ ಸೆಫಾರ್ಡಿ ವರ್ತಕ ಡೆ ಪಿಂಟೋ ಮನೆತನಕ್ಕೆ ಸೇರಿದ್ದ, ರಸ್ತೆಯ ದಾರಿಗೇ ಅಡ್ಡವಾಗಿ ನಿಂತಿದ್ದ ಮನೆ ಉಳಿದುಕೊಂಡಿತು. ಆದರೆ ಮೆಟ್ರೋ ನಿಲ್ಲಲಿಲ್ಲ. 1975ರ ಮಾರ್ಚ್ 24ರಂದು ಜಲಫಿರಂಗಿ ಮತ್ತು ಅಶ್ರುವಾಯುಗಳೊಂದಿಗೆ ಬಂದ ಪೊಲೀಸರು ನ್ಯೂಮಾರ್ಕ್ಟ್ ಕೇರಿಯ ಮನೆಗಳನ್ನು ತೆರವುಗೊಳಿಸಿದರು, ಮನೆಗಳು ಉರುಳಿದವು, ಸುರಂಗ ಪೂರ್ಣವಾಯಿತು.

ಅಂದು ಸೋತವರ ವಾದ ನಂತರ ನಗರದ ನೀತಿಯಾಯಿತು. ಸುರಂಗದ ಮೇಲಿನ ನೆಲದಲ್ಲಿ ಆಲ್ಡೊ ಫಾನ್ ಐಕ್ ಮತ್ತು ಥಿಯೊ ಬೋಶ್ ಎಂಬ ವಾಸ್ತುಶಿಲ್ಪಿಗಳು ಹಳೆಯ ಬೀದಿಗಳ ಜಾಡನ್ನೇ ಹಿಡಿದು ಜನಸಾಮಾನ್ಯರಿಗೆ ಮನೆಗಳನ್ನು ಕಟ್ಟಿದರು. 1978ರಲ್ಲಿ ನಗರಾಡಳಿತದಲ್ಲಿ ವಸತಿಯ ಹೊಣೆ ಹೊತ್ತ ಯಾನ್ ಸ್ಖಾಫರ್ ಅವರು, ಹಳೆಯ ಕೇರಿಯನ್ನು ದುರಸ್ತಿ ಮಾಡುವುದಾದರೆ ಅದು ಅಲ್ಲಿ ಈಗಾಗಲೇ ವಾಸಿಸುತ್ತಿರುವವರಿಗೆ ಕೈಗೆಟಕುವ ಬಾಡಿಗೆಯಲ್ಲಿ ದಕ್ಕಬೇಕೆಂಬ ನಿಲುವನ್ನು ಆಚರಣೆಗೆ ತಂದರು. ಹೆಚ್ಚಿನ ಭಾಗವನ್ನು ಕೆಡವಿ ಹೊಸದಾಗಿ ಕಟ್ಟುವ ಮಾತು ಕೇಳಿಬರುತ್ತಿದ್ದ ಯೋರ್ಡಾನ್ ಕೂಡ ಇದೇ ಅವಧಿಯಲ್ಲಿ ಮನೆಮನೆಯಾಗಿ ದುರಸ್ತಿ ಕಂಡಿತು. 1956ರಲ್ಲಿ ಸ್ಥಾಪನೆಯಾದ ಸ್ಟಾಡ್ಸ್‌ಹೆರ್‌ಸ್ಟೆಲ್ ಎಂಬ ಸಂಸ್ಥೆಯು ಪಾಳುಬಿದ್ದ ಮನೆಗಳನ್ನು ಕೊಂಡು, ಸರಿಪಡಿಸಿ, ಬಾಡಿಗೆಗೆ ಕೊಡುತ್ತಾ ಬಂದದ್ದೂ ಇಲ್ಲಿ ನೆನೆಯಬೇಕಾದ ಕೆಲಸ.

2010ರಲ್ಲಿ ಯುನೆಸ್ಕೋ 17ನೇ ಶತಮಾನದ ಕಾಲುವೆವರ್ತುಲವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಯೋರ್ಡಾನಿನ ಹಳೆಯ ಕುಟುಂಬಗಳಲ್ಲಿ ಅನೇಕರು ಅಷ್ಟರೊಳಗೆ ಪುರ್ಮರೆಂಡ್, ಆಲ್ಮೇರೆಯಂತಹ ಸುತ್ತಲಿನ ಊರುಗಳಿಗೆ ಹೋಗಿಯಾಗಿತ್ತು, ಮತ್ತು ಚರ್ಮ ಹದಮಾಡುವವರ ಹಾಗೂ ನೇಕಾರರ ಪುಟ್ಟ ಮನೆಗಳು ನಗರದ ಅತಿ ದುಬಾರಿ ಮನೆಗಳ ಸಾಲಿಗೆ ಸೇರಿದ್ದವು. ಕಲ್ಲಿನ ರಕ್ಷಣೆಗೆ ಸಿಕ್ಕಷ್ಟು ಕಾನೂನಿನ ಬಲ ಅಲ್ಲಿಯ ಬಾಡಿಗೆದಾರರಿಗೆ ಸಿಗಲಿಲ್ಲವೆಂಬುದು ಈ ಚರಿತ್ರೆಯ ನೋವಿನ ಭಾಗ. ಆ ಕಲ್ಲಿನ ರಕ್ಷಣೆಯೂ ಮುಗಿದ ಕೆಲಸವಲ್ಲ: 2020ರ ಸೆಪ್ಟೆಂಬರ್ 1ರಂದು ಹಳೆಯ ಬದಿಯ ಗ್ರಿಮ್‌ಬುರ್ಗ್‌ವಾಲ್ ಕಾಲುವೆಯ ದಡದ ಗೋಡೆ ಕುಸಿದು ನೀರಿಗೆ ಬಿದ್ದಿತು. ಕೈಗಾಡಿಗಳ ಮತ್ತು ಕುದುರೆಗಾಡಿಗಳ ಭಾರಕ್ಕೆಂದು ಮರದ ದಿಮ್ಮಿಗಳ ಮೇಲೆ ಕಟ್ಟಿದ್ದ ಈ ದಡಗಳ ಮೇಲೆ ದಶಕಗಳಿಂದ ಲಾರಿಗಳು ಓಡಾಡಿವೆ. ಸುಮಾರು 200 ಕಿಲೋಮೀಟರ್ ಉದ್ದದ ದಡಗೋಡೆಗಳನ್ನು ಪರೀಕ್ಷಿಸಿ ಅಗತ್ಯವಿದ್ದಲ್ಲಿ ಹೊಸದಾಗಿ ಕಟ್ಟುವ ಕೆಲಸ ಈಗ ನಡೆದಿದ್ದು, ನಡುಭಾಗಕ್ಕೆ 7.5 ಟನ್ನಿಗಿಂತ ಭಾರವಾದ ವಾಹನಗಳು ವಿಶೇಷ ಅನುಮತಿಯಿಲ್ಲದೆ ಬರದಂತೆ ನಗರಸಭೆ ನಿರ್ಬಂಧ ಹಾಕಿದೆ.